ಶಿಲ್ಕು, ಬಾಕಿ ಮತ್ತು ಲಾಭ: ಬೆಂಗಳೂರು ಗ್ರಾಮಾಂತರ ಸೀಮೆಯಲ್ಲಿ ಲೆಕ್ಕಪತ್ರ ಓದುವ ವಿದ್ಯೆ

ಕರ್ನಾಟಕದ ಆರ್ಥಿಕ ಇತಿಹಾಸವನ್ನು ಕುರಿತ ಅಧ್ಯಯನಗಳು ಕಂದಾಯ, ಭೂಹಿಡುವಳಿ, ಸುಂಕ, ನಾಣ್ಯ ಮೊದಲಾದ ವಿಷಯಗಳನ್ನು ವಿಸ್ತಾರವಾಗಿ ಚರ್ಚಿಸಿವೆ. ಈ ವಿಷಯಗಳಿಗೆಲ್ಲ ಆಕರವಾದ ಲೆಕ್ಕವನ್ನು ಬರೆದ ಶಾನುಭೋಗ, ಕರಣಿಕರ ಬಗ್ಗೆಯೂ ಬರಹಗಳು ಬಂದಿವೆ. ಆದರೆ ಬರೆದಿಟ್ಟ ಲೆಕ್ಕವನ್ನು ಓದಿ, ಒಂದು ವ್ಯವಹಾರ ನಿಲ್ಲುವುದೇ ಬೀಳುವುದೇ, ಅದರಲ್ಲಿ ಹಣ ತೊಡಗಿಸಬಹುದೇ ಎಂದು ನಿರ್ಣಯಿಸುವ ವಿದ್ಯೆ ಈ ನೆಲದಲ್ಲಿ ಹೇಗೆ ಬೆಳೆಯಿತು ಎಂಬ ಪ್ರಶ್ನೆಗೆ ದೊರೆತಿರುವ ಗಮನ ಕಡಿಮೆ. ಇಂದು ಕಂಪನಿಗಳ ಹಣಕಾಸು ತಃಖ್ತೆಗಳ ವಿಶ್ಲೇಷಣೆ ಎಂಬ ಹೆಸರಿನಲ್ಲಿ ವಾಣಿಜ್ಯ ವಿದ್ಯಾರ್ಥಿಗಳು ಕಲಿಯುವ ಈ ವಿದ್ಯೆ ಇಂಗ್ಲೆಂಡಿನಿಂದ ಸಿದ್ಧರೂಪದಲ್ಲಿ ಬಂದಿಳಿಯಿತೆಂಬ ಭಾವನೆ ಸಾಮಾನ್ಯವಾಗಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ ಆ ಭಾವನೆಯನ್ನು ಅರ್ಧದಷ್ಟಾದರೂ ತಿದ್ದಿಕೊಳ್ಳಬೇಕಾಗುತ್ತದೆ. ಹೊರಗಿನಿಂದ ಬಂದದ್ದು ಲೆಕ್ಕದ ಹೊಸ ನಮೂನೆ. ಅದನ್ನು ಅನುಮಾನದಿಂದ ನೋಡುವ ಕಣ್ಣು ಇಲ್ಲಿಯದೇ ಆಗಿತ್ತು.

ಮೊದಲಿಗೆ ಪದಗಳ ಸಾಕ್ಷ್ಯವನ್ನೇ ಗಮನಿಸಬಹುದು. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಸೈನ್ಯ ಈ ಸೀಮೆಯನ್ನು ಗೆದ್ದ ಬಳಿಕ ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರ, ಶಿರಾ ಪ್ರದೇಶಗಳು ಷಹಾಜಿ ಭೋಸಲೆಯ ಜಹಗೀರಿಗೆ ಸೇರಿದವು. 1687ರಲ್ಲಿ ಮೊಗಲರು ರಚಿಸಿದ ಶಿರಾ ಪ್ರಾಂತದ ಏಳು ಪರಗಣಗಳಲ್ಲಿ ದೊಡ್ಡಬಳ್ಳಾಪುರ ಮತ್ತು ಹೊಸಕೋಟೆ ಎರಡೂ ಇದ್ದವು. ಒಂದರ ಮೇಲೊಂದರಂತೆ ಬಂದ ಈ ಆಡಳಿತಗಳು ಕನ್ನಡದ ಲೆಕ್ಕದ ಪರಿಭಾಷೆಯಲ್ಲಿ ತಮ್ಮ ಪದರಗಳನ್ನು ಉಳಿಸಿ ಹೋಗಿವೆ. ಜಮಾ, ಬಾಕಿ, ವಸೂಲು ಎಂಬಿವು ಅರಬ್ಬಿ ಮೂಲದವು, ಪಾರಸಿಯ ಮೂಲಕ ಬಂದವು, ಖರ್ಚು ಪಾರಸಿಯದು. ಶಿಲ್ಕು, ನಿವ್ವಳ, ಅಢಾವೆ ಎಂಬಿವು ಮರಾಠಿಯವು. ಕಡ, ಮುಂಗಡ, ಉಳಿಕೆ ಎಂಬ ಅಚ್ಚಗನ್ನಡ ಮಾತುಗಳು ಇವುಗಳ ನಡುವೆ ಹಾಗೆಯೇ ಉಳಿದುಕೊಂಡವು. ಇಂದಿಗೂ ಸಹಕಾರ ಸಂಘಗಳ ವಾರ್ಷಿಕ ವರದಿಯಲ್ಲಿ ಆಸ್ತಿ-ಹೊಣೆಗಳ ಪಟ್ಟಿಗೆ ‘ಅಢಾವೆ ಪತ್ರಿಕೆ’ ಎಂದೇ ಹೆಸರು. ಮರಾಠಿಯಲ್ಲಿ ಆ ಪದಕ್ಕೆ ಲೆಕ್ಕವನ್ನು ಒಟ್ಟುಗೂಡಿಸಿ ಪರಾಮರ್ಶಿಸುವುದು ಎಂಬ ಅರ್ಥವಿದೆ. ಇಂಗ್ಲಿಷ್ ಪದ ಎರಡು ಬದಿಗಳು ಸರಿದೂಗುವುದನ್ನು ಹೇಳಿದರೆ, ಈ ಪದ ಪರಾಮರ್ಶೆಯನ್ನು ಹೇಳುತ್ತದೆ. ಈ ವ್ಯತ್ಯಾಸ ಕೇವಲ ಶಬ್ದದ್ದಲ್ಲವೆಂಬುದು ಮುಂದೆ ಸ್ಪಷ್ಟವಾಗುತ್ತದೆ.

ಲೆಕ್ಕವಿದ್ದದ್ದು ಕಡತದಲ್ಲಿ. 1810ರಲ್ಲಿ ಪ್ರಕಟವಾಗತೊಡಗಿದ ಮೈಸೂರಿನ ಇತಿಹಾಸದಲ್ಲಿ ಮಾರ್ಕ್ ವಿಲ್ಕ್ಸ್ ಕಡತವನ್ನು ಸವಿವರವಾಗಿ ವರ್ಣಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆಗೆ ಇದ್ದಿಲ ಪುಡಿ ಬೆರೆಸಿದ ಸರಿಯನ್ನು ಎರಡೂ ಬದಿಗೆ ಬಳಿದು ಒಣಗಿಸಿ, ಕತ್ತರಿಸದೆ ಸಮನಾಗಿ ಮಡಿಸಿ, ಎರಡು ತುದಿಗಳಿಗೆ ಮರದ ಹಲಗೆ ಜೋಡಿಸಲಾಗುತ್ತಿತ್ತು. ಬರೆಯುವುದು ಬಳಪದಿಂದ. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ವರ್ತಕರು ಮತ್ತು ಅಂಗಡಿಕಾರರು ತನ್ನ ಕಾಲದಲ್ಲಿಯೂ ಇದನ್ನು ಬಳಸುತ್ತಿದ್ದರೆಂದು ಅವನು ಹೇಳುತ್ತಾನೆ. ಶೃಂಗೇರಿ ಮಠದ ಕಡತಗಳನ್ನು ಎ. ಕೆ. ಶಾಸ್ತ್ರಿಯವರು ಸಂಪಾದಿಸಿ ಪ್ರಕಟಿಸಿರುವುದರಿಂದ ಈ ಆಕರದ ಬೆಲೆ ವಿದ್ವಾಂಸರಿಗೆ ಸುಪರಿಚಿತವಾಗಿದೆ.

ಒರೆಸಬಹುದಾದ ಪುಸ್ತಕದಲ್ಲಿ ಬರೆದ ಲೆಕ್ಕವನ್ನು ನಂಬುವುದು ಹೇಗೆ? ಜಮಾ-ಖರ್ಚಿನ ಪದ್ಧತಿಯಲ್ಲಿ ಇದಕ್ಕೆ ಎರಡು ಒರೆಗಲ್ಲುಗಳಿದ್ದವು. ಒಂದು ಶಿಲ್ಕು, ಅಂದರೆ ಪೆಟ್ಟಿಗೆಯಲ್ಲಿ ಉಳಿದ ನಗದು. ಇದನ್ನು ಎಣಿಸಿ ನೋಡಬಹುದು. ಇನ್ನೊಂದು ಬಾಕಿ, ಯಾರಿಂದ ಎಷ್ಟು ಬರಬೇಕು, ಎಂದಿನಿಂದ ಬರಬೇಕು ಎಂಬುದು. ಇದನ್ನು ಬಾಕಿದಾರನನ್ನು ಕರೆದು ಕೇಳಬಹುದು. ಲಾಭವೆಂಬ ಮೂರನೆಯ ಅಂಕಿಯನ್ನು ಎಣಿಸಲೂ ಆಗದು, ಕರೆದು ಕೇಳಲೂ ಆಗದು. ಅದು ಲೆಕ್ಕ ಕಟ್ಟುವವನ ತೀರ್ಮಾನ. ಹಳೆಯ ವರ್ತಕನು ಮೊದಲೆರಡನ್ನು ನೋಡಿಯೇ ಕಡ ಕೊಡುತ್ತಿದ್ದನು.

ಲಾಭದ ಅಂಕಿ ಸಾಮಾನ್ಯ ಪ್ರಜೆಯ ಮುಂದೆ ಒಂದು ಆಹ್ವಾನವಾಗಿ ಬಂದ ಪ್ರಸಂಗವೊಂದು ಹದಿನೆಂಟನೆಯ ಶತಮಾನದ ಕೊನೆಗೆ ಸೇರಿದೆ. ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು ಸುಲ್ತಾನನು 1793 ಮತ್ತು 1794ರಲ್ಲಿ ಹೊರಡಿಸಿದ ವಾಣಿಜ್ಯ ನಿಬಂಧನೆಗಳಲ್ಲಿ ಸರ್ಕಾರಿ ವ್ಯಾಪಾರ ಕೋಠಿಗಳಿಗೆ ಪ್ರಜೆಗಳಿಂದ ಹಣ ಸ್ವೀಕರಿಸುವ ಏರ್ಪಾಡಿತ್ತು. ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ ಟಿಪ್ಪುವಿನ ಪತ್ರಗಳ ಸಂಪುಟದ ಅನುಬಂಧದಿಂದ ಇದರ ವಿವರ ತಿಳಿಯುತ್ತದೆ. ಐದರಿಂದ ಐನೂರು ಇಮಾಮಿ (ಟಿಪ್ಪುವಿನ ರೂಪಾಯಿ) ತೊಡಗಿಸಿದವನಿಗೆ ವರ್ಷದ ಕೊನೆಯಲ್ಲಿ ಅಸಲಿನೊಡನೆ ನೂರಕ್ಕೆ ಐವತ್ತು, ಐನೂರರಿಂದ ಐದು ಸಾವಿರದವರೆಗೆ ಇಪ್ಪತ್ತೈದು, ಅದಕ್ಕೆ ಮೇಲ್ಪಟ್ಟು ಹನ್ನೆರಡು ಲಾಭವೆಂದು ನಿಗದಿಯಾಗಿತ್ತು.

ಇತಿಹಾಸಕಾರರು ಇದನ್ನು ಸಣ್ಣ ಉಳಿತಾಯದಾರನಿಗೆ ನೀಡಿದ ಪ್ರೋತ್ಸಾಹವೆಂದು ಮೆಚ್ಚಿಕೊಂಡಿದ್ದಾರೆ, ಅದು ಸರಿಯೇ. ಆದರೆ ಇದನ್ನು ಲೆಕ್ಕವಾಗಿ ಓದಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ದರವನ್ನು ಇಡೀ ಮೊತ್ತಕ್ಕೆ ಅನ್ವಯಿಸಿದರೆ, 500 ಇಟ್ಟವನಿಗೂ 1000 ಇಟ್ಟವನಿಗೂ ದೊರೆಯುವ ಲಾಭ 250 ಮಾತ್ರ. 5000 ಇಟ್ಟವನಿಗೆ 1250 ಬಂದರೆ 10,000 ಇಟ್ಟವನಿಗೆ 1200. ಲೆಕ್ಕ ಬಲ್ಲ ವರ್ತಕ ತನ್ನ ಹಣವನ್ನು ಮನೆಮಂದಿಯ ಹೆಸರಿನಲ್ಲಿ ಐನೂರರ ಪಾಲುಗಳಾಗಿ ಒಡೆದು ಇಡಬೇಕೆಂದು ಕೂಡಲೇ ಅರಿಯುತ್ತಾನೆ. ಅದಕ್ಕಿಂತ ಮುಖ್ಯವಾದುದೆಂದರೆ, ಈ ಲಾಭ ವ್ಯಾಪಾರದ ಫಲಿತಾಂಶವಾಗಿರಲಿಲ್ಲ. ವ್ಯಾಪಾರ ನಡೆಯುವ ಮೊದಲೇ ಗೊತ್ತುಮಾಡಿದ ಬಡ್ಡಿಯಾಗಿತ್ತು. ಕೋಠಿ ಯಾವ ಸರಕನ್ನು ಎಷ್ಟಕ್ಕೆ ಮಾರಿತು ಎಂಬುದಕ್ಕೂ ಹಣ ಇಟ್ಟವನಿಗೆ ಸಲ್ಲುವ ಮೊತ್ತಕ್ಕೂ ಸಂಬಂಧವಿರಲಿಲ್ಲ. ಅವನು ಓದಬೇಕಾಗಿದ್ದದ್ದು ಕೋಠಿಯ ಲೆಕ್ಕವನ್ನಲ್ಲ, ರಾಜ್ಯದ ಬಾಳಿಕೆಯನ್ನು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಆ ಭರವಸೆಯೂ ಕೊನೆಗೊಂಡಿತು.

ಹಳ್ಳಿಯ ಲೆಕ್ಕ ಮಾತ್ರ ಶಾನುಭೋಗರ ಕೈಯಲ್ಲಿಯೇ ಮುಂದುವರಿಯಿತು. ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾನೂನು 1963ರ ಫೆಬ್ರವರಿಯಲ್ಲಿ ಜಾರಿಗೆ ಬರುವವರೆಗೆ ಅದು ವಂಶಪಾರಂಪರ್ಯದ ವೃತ್ತಿಯಾಗಿತ್ತು. ಬರೆಯುವವನು ಒಬ್ಬನೇ, ಓದಬಲ್ಲವನೂ ಅವನೇ ಎಂಬ ಸ್ಥಿತಿಯಲ್ಲಿ ರೈತನಿಗೆ ಲೆಕ್ಕವೆಂಬುದು ಕೇಳಿಸಿಕೊಳ್ಳುವ ವಸ್ತುವಾಗಿತ್ತೇ ಹೊರತು ನೋಡುವ ವಸ್ತುವಾಗಿರಲಿಲ್ಲ.

ಈ ಸ್ಥಿತಿಯನ್ನು ಮೊದಲು ಬದಲಿಸಿದ್ದು ಕಂಪನಿಯಲ್ಲ, ಸಹಕಾರ ಸಂಘ. ಬ್ರಿಟಿಷ್ ಇಂಡಿಯಾದ 1904ರ ಕಾಯಿದೆಯ ಬೆನ್ನಿಗೇ 1905ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಸಹಕಾರ ಸಂಘಗಳ ಕಾನೂನನ್ನು ತಂದಿತು. ಅದೇ ವರ್ಷ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದ ಸಂಘ ನೋಂದಣಿಯಾಗಿತ್ತು. ಬೆಂಗಳೂರು ನಗರದಲ್ಲಿಯೂ ಸಂಘ ಆರಂಭವಾಯಿತು. ಗ್ರಾಮೀಣ ಸಂಘಗಳಿಗೆ ಜರ್ಮನಿಯ ರೈಫೈಸನ್ ಮಾದರಿಯೇ ಆದರ್ಶ. ಅದರಲ್ಲಿ ಸದಸ್ಯರ ಹೊಣೆಗಾರಿಕೆ ಅಪರಿಮಿತ; ಸಂಘ ಮುಳುಗಿದರೆ ಸಾಲ ಪಡೆಯದ ಸದಸ್ಯನ ಹೊಲವೂ ತೀರುವಳಿಗೆ ಸಿಲುಕಬಹುದು. ಹೀಗಾಗಿ ಅಢಾವೆ ಪತ್ರಿಕೆ ಓದಲು ಬರುವುದು ಮನೆ-ಮಾರಿನ ಪ್ರಶ್ನೆಯಾಯಿತು. ಲೆಕ್ಕಪರಿಶೋಧನೆ ನಡೆದು, ಮಹಾಸಭೆಯಲ್ಲಿ ಎಲ್ಲರೆದುರು ಲೆಕ್ಕವನ್ನು ಓದಿ ಮಂಜೂರು ಮಾಡಿಸಬೇಕೆಂಬ ನಿಯಮ ಅಕ್ಷರ ಬಾರದವರಿಗೂ ಪ್ರಶ್ನೆ ಕೇಳುವ ಹಕ್ಕನ್ನು ತಂದುಕೊಟ್ಟಿತು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆ ಈ ಕ್ರಮವನ್ನು ದೃಢಪಡಿಸಿ, ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 25ರಷ್ಟನ್ನು ಆಪದ್ಧನ ನಿಧಿಗೆ ಒಯ್ಯಬೇಕೆಂದು ವಿಧಿಸಿತು.

ಸಹಕಾರಿ ಲೆಕ್ಕದಲ್ಲಿ ಲಾಭವು ಹೇಗೆ ಕಣ್ಣು ಕಟ್ಟಬಲ್ಲದೆಂಬುದಕ್ಕೆ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಒಂದು ಸಂಘ ಸದಸ್ಯರಿಗೆ 10 ಲಕ್ಷ ರೂಪಾಯಿ ಸಾಲ ಕೊಟ್ಟಿದೆ, ಬಡ್ಡಿ ಶೇ. 12. ವರ್ಷಕ್ಕೆ ಬರಬೇಕಾದ ಬಡ್ಡಿ 1,20,000. ಸಂಘ ತಾನು ಕಟ್ಟಬೇಕಾದ ಬಡ್ಡಿ ಮತ್ತು ಸಂಬಳ-ಸಾದಿಲ್ವಾರು ಸೇರಿ ವೆಚ್ಚ 80,000. ಪುಸ್ತಕದ ಪ್ರಕಾರ ಲಾಭ 40,000. ಆದರೆ ಮಳೆ ಕೈಕೊಟ್ಟ ವರ್ಷ ನಗದಾಗಿ ವಸೂಲಾದ ಬಡ್ಡಿ 50,000 ಮಾತ್ರವಾದರೆ, ಪೆಟ್ಟಿಗೆಯಲ್ಲಿ 30,000 ಕೊರತೆ. ಆ ಲಾಭದಲ್ಲಿ 10,000ವನ್ನು ಆಪದ್ಧನಕ್ಕೆ ತೆಗೆದಿರಿಸಿ ಉಳಿದುದರಲ್ಲಿ ಲಾಭಾಂಶ ಹಂಚಿದರೆ, ಹಂಚಿದ್ದು ಠೇವಣಿದಾರರ ಹಣವನ್ನೇ. ಇಲ್ಲಿ ಲಾಭ-ನಷ್ಟದ ತಃಖ್ತೆ ಸುಳ್ಳು ಹೇಳುತ್ತಿಲ್ಲ; ಅಢಾವೆಯ ಆಸ್ತಿಯ ಬದಿಯಲ್ಲಿ ‘ಬರಬೇಕಾದ ಬಡ್ಡಿ’ ಎಂಬ ಸಾಲಿನಲ್ಲಿ 70,000 ರೂಪಾಯಿ ನಿಜವನ್ನು ನುಡಿಯುತ್ತಿದೆ. ಆ ಸಾಲನ್ನು ಹಿಂದಿನ ವರ್ಷದ ಅದೇ ಸಾಲಿನೊಡನೆ ಹೋಲಿಸಿ ನೋಡುವವನಿಗೆ ಮಾತ್ರ ಅದು ಕೇಳಿಸುತ್ತದೆ. ಲೆಕ್ಕಪರಿಶೋಧಕರು ಅವಧಿ ಮೀರಿದ ಬಡ್ಡಿಗೆ ಅವಕಾಶ ಕಲ್ಪಿಸಬೇಕೆಂದು ಒತ್ತಾಯಿಸುವುದೂ, ಸಂಘಗಳನ್ನು ‘ಎ’ಯಿಂದ ‘ಡಿ’ವರೆಗೆ ವರ್ಗೀಕರಿಸುವುದೂ ಇದಕ್ಕಾಗಿಯೇ. ಶಿಲ್ಕು-ಬಾಕಿಗಳನ್ನು ನೋಡುತ್ತಿದ್ದ ಹಳೆಯ ವರ್ತಕನಾಗಿದ್ದರೆ ಈ ಸಂಘದ ಸ್ಥಿತಿಯನ್ನು ಲಾಭದ ಅಂಕಿಯ ಕಡೆ ತಿರುಗದೆಯೇ ಹೇಳುತ್ತಿದ್ದನು.

1974ರಿಂದ ಆನಂದ್ ಮಾದರಿಯ ಹೈನು ಅಭಿವೃದ್ಧಿ ಕರ್ನಾಟಕದಲ್ಲಿ ಆರಂಭವಾಗಿ, ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಂಘಗಳು ನೆಲೆಗೊಂಡ ಮೇಲೆ ಮಹಾಸಭೆಯ ಲೆಕ್ಕ ಮಹಿಳೆಯರನ್ನೂ ತಲುಪಿತು. ಹಾಲಿನ ಸಂಘದ ಲೆಕ್ಕದ ಸ್ವಭಾವವೇ ಬೇರೆ. ಇಲ್ಲಿ ಹಣ ಬೇಗ ತಿರುಗುತ್ತದೆ, ಬಾಕಿ ಕಡಿಮೆ. ಓದುಗ ಎಚ್ಚರದಿಂದಿರಬೇಕಾದದ್ದು ಹೆಚ್ಚಿನ ಲಾಭದ ಬಗ್ಗೆ. ಸದಸ್ಯರಿಂದ ಕೊಂಡ ಹಾಲಿನ ಅಳತೆ ಮತ್ತು ಜಿಡ್ಡಿನ ಅಂಶಕ್ಕೂ ಒಕ್ಕೂಟಕ್ಕೆ ಕಳಿಸಿದ ಹಾಲಿನ ಅಳತೆ ಮತ್ತು ಜಿಡ್ಡಿಗೂ ಇರುವ ಅಂತರ ವ್ಯಾಪಾರ ಲಾಭವಾಗಿ ತೋರುತ್ತದೆ. ಅದು ಅಸಹಜವಾಗಿ ಹಿಗ್ಗಿದ್ದರೆ, ವರ್ಷವಿಡೀ ಉತ್ಪಾದಕರಿಗೆ ಕಡಿಮೆ ಅಳೆದು ಕೊನೆಯಲ್ಲಿ ಬೋನಸ್ ಎಂದು ಹಿಂದಿರುಗಿಸಿದಂತಾಗಿರುವ ಸಾಧ್ಯತೆಯಿದೆ. ಬೋನಸ್ಸಿನ ಮೊತ್ತ ಹೆಚ್ಚಾದಾಗ ಚಪ್ಪಾಳೆ ಬೀಳುವುದು ಸಹಜ; ಅದೇ ಹೊತ್ತಿನಲ್ಲಿ ಹಾಲು ಖರೀದಿಯ ಸಾಲಿನತ್ತ ಬೊಟ್ಟು ಮಾಡುವುದು ಕಲಿತ ವಿದ್ಯೆ.

ಕಂಪನಿಗಳ ಲೆಕ್ಕದ ನಮೂನೆ ಇದಕ್ಕೆ ಸಮಾನಾಂತರವಾಗಿ ಬೆಳೆಯಿತು. 1913ರ ಭಾರತೀಯ ಕಂಪನಿ ಕಾಯಿದೆಯಲ್ಲಿ ಆಸ್ತಿ-ಹೊಣೆಗಳ ಪಟ್ಟಿಗೇ ಪ್ರಾಧಾನ್ಯ. ಅದರೊಡನೆ ಲಾಭ-ನಷ್ಟದ ತಃಖ್ತೆಯನ್ನೂ ಮಹಾಸಭೆಯ ಮುಂದಿಡುವುದು ಕಡ್ಡಾಯವಾದದ್ದು 1936ರ ತಿದ್ದುಪಡಿಯಿಂದ. 1956ರ ಕಾಯಿದೆಯ ಆರನೆಯ ಅನುಸೂಚಿ ಎಡಕ್ಕೆ ಹೊಣೆ, ಬಲಕ್ಕೆ ಆಸ್ತಿ ಎಂಬ ನಮೂನೆಯನ್ನು ವಿಧಿಸಿತು. ನಗದಿನ ಹರಿವಿನ ತಃಖ್ತೆ ಕಾಯಿದೆಯ ಹಣಕಾಸು ತಃಖ್ತೆಗಳ ವ್ಯಾಖ್ಯೆಯೊಳಗೆ ಸೇರಿದ್ದು 2013ರ ಕಾಯಿದೆಯಲ್ಲಿ, ಅದೂ ಸಣ್ಣ ಕಂಪನಿಗಳಿಗೆ ವಿನಾಯಿತಿಯೊಡನೆ. ಶಿಲ್ಕಿನ ಪುನಃಪ್ರವೇಶಕ್ಕೆ ಇಷ್ಟು ಕಾಲ ಹಿಡಿಯಿತೆಂಬುದು ಸೋಜಿಗ.

ಈ ಜಿಲ್ಲೆಯ ನೆಲದಲ್ಲಿ ಸಾರ್ವಜನಿಕರು ಓದಲೇಬೇಕಾದ ಕಂಪನಿ ಲೆಕ್ಕವೊಂದು ಹುಟ್ಟಿದ್ದು ದೇವನಹಳ್ಳಿಯಲ್ಲಿ. 2001ರಲ್ಲಿ ಸ್ಥಾಪನೆಯಾದ ಬೆಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಂಪನಿಯಲ್ಲಿ ಆರಂಭದಲ್ಲಿ ರಾಜ್ಯ ಸರ್ಕಾರದ ಕೈಗಾರಿಕಾ ನಿಗಮ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಗಳದು ತಲಾ ಶೇ. 13ರಷ್ಟು ಪಾಲು, ಉಳಿದುದು ಸೀಮೆನ್ಸ್, ಜ್ಯೂರಿಕ್ ನಿಲ್ದಾಣ ಹಾಗೂ ಎಲ್ ಅಂಡ್ ಟಿ ಸಂಸ್ಥೆಗಳದು. 2004ರ ಜುಲೈಯಲ್ಲಿ ಕೇಂದ್ರ ಸರ್ಕಾರದೊಡನೆ ರಿಯಾಯಿತಿ ಒಪ್ಪಂದವಾಯಿತು. 2008ರ ಮೇ 24ರಂದು ನಿಲ್ದಾಣ ಕಾರ್ಯಾರಂಭ ಮಾಡಿತು. ಒಪ್ಪಂದದಂತೆ ಕಂಪನಿ ತನ್ನ ಒಟ್ಟು ಆದಾಯದ ಶೇ. 4ರಷ್ಟನ್ನು ಕೇಂದ್ರಕ್ಕೆ ಸಲ್ಲಿಸಬೇಕು. ಆದರೆ ಮೊದಲ ಹತ್ತು ವರ್ಷಗಳ ಪಾಲನ್ನು ಆಗ ಕಟ್ಟಬೇಕಾಗಿಲ್ಲ. ಹನ್ನೊಂದನೆಯ ವರ್ಷದಿಂದ ಇಪ್ಪತ್ತು ಅರ್ಧವಾರ್ಷಿಕ ಕಂತುಗಳಲ್ಲಿ ತೀರಿಸಬೇಕು. ರಾಜ್ಯ ಸರ್ಕಾರ 350 ಕೋಟಿ ರೂಪಾಯಿಗಳ ಬಡ್ಡಿರಹಿತ ಸಾಲವನ್ನೂ ಒದಗಿಸಿತು. ಸುಮಾರು 4000 ಎಕರೆ ನೆಲ ಕಂಪನಿಯ ಸ್ವಂತದ್ದಲ್ಲ, ಗುತ್ತಿಗೆಯದು.

ಸಂಘದ ಉದಾಹರಣೆಯ ಪಕ್ಕದಲ್ಲಿಟ್ಟು ನೋಡಿದರೆ ಇದು ಅದರದೇ ಪ್ರತಿಬಿಂಬ. ಅಲ್ಲಿ ಬಾರದ ಹಣ ಆದಾಯವಾಗಿ ಬರೆಯಲ್ಪಟ್ಟು ಪೆಟ್ಟಿಗೆ ಬರಿದಾಗಿತ್ತು. ಇಲ್ಲಿ ಕೊಡಬೇಕಾದ ಹಣ ಇನ್ನೂ ಹೊರಡದೆ ಪೆಟ್ಟಿಗೆ ತುಂಬಿರುತ್ತದೆ. ಮೊದಲ ದಶಕದ ನಗದನ್ನು ಮಾತ್ರ ನೋಡಿದವನು ಕಂಪನಿಯನ್ನು ಇರುವುದಕ್ಕಿಂತ ಸ್ಥಿತಿವಂತವೆಂದು ಭಾವಿಸುತ್ತಾನೆ. ಹೊಣೆಯ ಬದಿಯನ್ನೂ ಒಪ್ಪಂದವನ್ನೂ ಒಟ್ಟಿಗೆ ಓದಿದವನಿಗೆ ಹನ್ನೊಂದನೆಯ ವರ್ಷ ಏನು ಬರಲಿದೆಯೆಂದು ತಿಳಿದಿರುತ್ತದೆ. ಶಿಲ್ಕನ್ನು ಬಾಕಿಯಿಲ್ಲದೆ ಓದಬಾರದೆಂಬ ಕಡತದ ಕ್ರಮ ಇಲ್ಲಿಯೂ ಅಷ್ಟೇ ಅನ್ವಯಿಸುತ್ತದೆ.

ಈ ಲೆಕ್ಕದ ಓದು ಪ್ರಯಾಣಿಕನ ಜೇಬಿಗೂ ಸಂಬಂಧಿಸಿದ್ದು. 2008ರ ಕಾಯಿದೆಯಿಂದ ರಚಿತವಾದ ವಿಮಾನ ನಿಲ್ದಾಣ ಆರ್ಥಿಕ ನಿಯಂತ್ರಣ ಪ್ರಾಧಿಕಾರ ಕಂಪನಿಯ ವೆಚ್ಚ, ಬಂಡವಾಳಗಳನ್ನು ಪರಿಶೀಲಿಸಿ ಬಳಕೆದಾರರ ಶುಲ್ಕ ನಿಗದಿಪಡಿಸುತ್ತದೆ. ಅಂಗಡಿ, ಜಾಹೀರಾತು ಮೊದಲಾದ ವಿಮಾನೇತರ ಆದಾಯದಲ್ಲಿ ಎಷ್ಟು ಭಾಗವನ್ನು ಈ ಶುಲ್ಕ ತಗ್ಗಿಸಲು ಬಳಸಬೇಕೆಂಬುದು ಬಹುಕಾಲದ ವಾದ. ದೇವನಹಳ್ಳಿಯ ನಿಲ್ದಾಣಕ್ಕೆ ಮೊದಲ ನಿಯಂತ್ರಣ ಅವಧಿಯಲ್ಲಿ ಪ್ರಾಧಿಕಾರ ಶೇ. 40 ಎಂದು ಅಂಗೀಕರಿಸಿತ್ತು. 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿ ಶೇ. 30 ಎಂದು ಹೇಳಿತು. ಆದಾಯದ ಒಂದು ಬಾಬನ್ನು ಯಾವ ಶೀರ್ಷಿಕೆಯಡಿ ಬರೆಯಲಾಗುತ್ತದೆ ಎಂಬುದರ ಮೇಲೆ ಶುಲ್ಕ ಏರುತ್ತದೆ, ಇಳಿಯುತ್ತದೆ. ಪ್ರಾಧಿಕಾರ ತನ್ನ ಸಮಾಲೋಚನಾ ಪತ್ರಗಳನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸುತ್ತದೆ. ನೂರಾರು ಪುಟಗಳ ಆ ಪತ್ರಗಳು ಇಂಗ್ಲಿಷಿನಲ್ಲಿವೆ. ಅದೇ ತಾಲ್ಲೂಕಿನ ಹಾಲಿನ ಸಂಘದ ಅಢಾವೆ ಪತ್ರಿಕೆ ಪ್ರತಿ ವರ್ಷ ಸೆಪ್ಟೆಂಬರ್ 25ರೊಳಗೆ ನಡೆಯುವ ಮಹಾಸಭೆಯಲ್ಲಿ ಕನ್ನಡದಲ್ಲಿ ಓದಲ್ಪಡುತ್ತದೆ.