ನಾಲ್ಕು ಚಕ್ರದ ಬಲವೂ ನಮ್ಮ ಮಳೆಯೂ

ಡೊಂಬಿವಲಿಯಲ್ಲಿ ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳಹೊರಟ ಸಂಸಾರಸ್ಥರು ಕೇಳುವುದುಂಟು: ನಾಲ್ಕೂ ಚಕ್ರಕ್ಕೆ ಎಂಜಿನಿನ ಬಲವಿರುವ, ಹಿಂದೆ ಸಾಮಾನಿಗೆ ಜಾಗವಿರುವ ಗಾಡಿ ನಮ್ಮ ಮಳೆಗಾಲಕ್ಕೆ ಒಳ್ಳೆಯದಲ್ಲವೆ? ಉತ್ತರ ಇತಿಹಾಸದಲ್ಲಿದೆ.

ಈ ಏರ್ಪಾಡು ನಮ್ಮಲ್ಲಿಗೆ ಬಂದದ್ದು ಜೀಪಿನೊಡನೆ. ಯುದ್ಧಕ್ಕೆಂದು ಹುಟ್ಟಿದ ಅದನ್ನು ಸ್ವಾತಂತ್ರ್ಯದ ಹೊಸತರಲ್ಲಿ ಮಹೀಂದ್ರ ಕಂಪೆನಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಸಂಸಾರದ ಕಾರುಗಳ ದಾರಿ ಬೇರೆ. ಕುರ್ಲಾದ ಪದ್ಮಿನಿಗೆ ಹಿಂದಿನ ಎರಡು ಚಕ್ರಕ್ಕೆ ಬಲ. 1990ರ ದಶಕದಲ್ಲಿ ಕಲ್ಯಾಣ್ ಕಾರ್ಖಾನೆಯಿಂದ ಬಂದ ಪೆಜೋ 309ಕ್ಕೆ ಮುಂದಿನ ಎರಡಕ್ಕೆ. 1992ರ ಟಾಟಾ ಎಸ್ಟೇಟ್ ಸಾಮಾನಿಗೆ ಜಾಗ ಕೊಟ್ಟಿತು, ನಾಲ್ಕು ಚಕ್ರದ ಬಲ ಕೊಡಲಿಲ್ಲ. ಎರಡನ್ನೂ ಕೂಡಿಸಿದ್ದು ಜಪಾನಿನ ಸುಬಾರು, 1972ರಲ್ಲಿ. ಅಲ್ಲಿನ ಹಿಮದ ದಾರಿಗಳಿಗಾಗಿ.

ನಮ್ಮದು ಹಿಮವಲ್ಲ, ನೀರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ನಾಲ್ಕು ಚಕ್ರದ ಬಲ ಕೆಸರಿನಿಂದ ಎತ್ತೀತು. ಆದರೆ ಎಂಜಿನ್ ಉಸಿರಾಡುವ ಕೊಳವೆಗೆ ನೀರು ಹೊಕ್ಕರೆ ಏನೂ ಮಾಡಲಾರದು. ಗಾಳಿಯಂತೆ ನೀರು ಅದುಮಿದರೆ ಕುಗ್ಗದು. ಪಿಸ್ಟನ್ನಿನ ಸರಳೇ ಬಾಗುತ್ತದೆ.

ನನ್ನ ಭಾವಮೈದುನ ಅಗ್ಗವೆಂದು ಕೊಂಡ ಗಾಡಿಯ ಸೀಟುಬೆಲ್ಟನ್ನು ಕೊನೆಯವರೆಗೆ ಎಳೆದಾಗ ಕೆಸರಿನ ಗೆರೆ ಕಂಡಿತು. ಅಷ್ಟರಲ್ಲಿ ಹಣ ಕೊಟ್ಟಾಗಿತ್ತು, ತಂಗಿಯ ಬಳೆ ಅಡವಿಗೆ ಹೋಗಿತ್ತು.

ಆದ್ದರಿಂದ ಮೊದಲು ಬೆಲ್ಟು ಎಳೆಯಿರಿ, ಕಾರ್ಪೆಟ್ ಎತ್ತಿರಿ, ಸೀಟಿನಡಿಯ ತುಕ್ಕು ನೋಡಿರಿ. ನಂಬರು ಠಾಣೆಯ 04 ಇರಲಿ, ಕಲ್ಯಾಣದ 05 ಇರಲಿ, ನವಿ ಮುಂಬಯಿಯ 43 ಇರಲಿ, 29 ಮತ್ತು 30ನೆಯ ಫಾರಮುಗಳಿಗೆ ಸಹಿಯಾಗಲಿ. ಎಷ್ಟು ಚಕ್ರಕ್ಕೆ ಬಲ ಎಂಬುದು ಆಮೇಲಿನ ಮಾತು.