ಓದಿನಲ್ಲಿ ಹಿಂದೆ ಬೀಳುವ ಮಕ್ಕಳು ಮತ್ತು ಹೊರನಾಡ ಕನ್ನಡ ಮನೆ

ಮೂರನೆಯ ತರಗತಿಗೆ ಬಂದರೂ ಮಗು ಅಕ್ಷರ ಕೂಡಿಸಿ ಓದಲು ತಿಣುಕುತ್ತಿದ್ದರೆ ನಮ್ಮ ಹೊರನಾಡ ಕನ್ನಡ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, ‘ಹುಡುಗ ಸೋಮಾರಿ’. ಇನ್ನೊಂದು, ‘ಭಾಷೆಗಳ ಹೊರೆ ಹೆಚ್ಚಾಯಿತು, ಮನೆಯಲ್ಲಿ ಕನ್ನಡ ನಿಲ್ಲಿಸಿಬಿಡಿ’. ಎರಡೂ ಅವಸರದ ತೀರ್ಪುಗಳೆಂದೇ ನಮ್ಮ ಅಭಿಪ್ರಾಯ. ಮಾತಿನಲ್ಲಿ ಚುರುಕಾದ ಮಗು ಓದಿನಲ್ಲಿ ಹಿಂದೆ ಬೀಳಲು ಕಾರಣಗಳು ಬೇರೆಯೇ ಇರಬಹುದು; ಅವುಗಳಲ್ಲಿ ಕೆಲವು ಲಿಪಿಯಲ್ಲಿಯೇ ಅಡಗಿವೆ.

ಕನ್ನಡದ ಬರಹ ಉಚ್ಚಾರಣೆಗೆ ನಿಷ್ಠವಾದುದು, ನಿಜ. ಆದರೆ 34 ವ್ಯಂಜನಗಳು, ಅವುಗಳ ಕಾಗುಣಿತ, ಒತ್ತಕ್ಷರ ಎಲ್ಲವೂ ಸೇರಿ ಮಗುವಿನ ಕಣ್ಣು ಗುರುತಿಸಬೇಕಾದ ಆಕಾರಗಳು ನಾನೂರನ್ನೂ ಮೀರುತ್ತವೆ. ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕನ್ನಡ ಅಕ್ಷರಗಳ ಮೇಲಿನ ಹಿಡಿತ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಎರಡನೆಯ ತರಗತಿಯ ಮಗುವಿಗೆ ಒತ್ತಕ್ಷರ ತೊಡಕಾದರೆ ಗಾಬರಿಗೆ ಕಾರಣವಿಲ್ಲ.

ತೊಡಕು ಎಲ್ಲಿದೆಯೆಂದು ನೋಡೋಣ. ‘ಪ’ ಮತ್ತು ‘ಷ’, ‘ದ’ ಮತ್ತು ‘ಧ’ ಒಂದು ಗೆರೆಯ ಅಂತರದಲ್ಲಿ ಬೇರೆಯಾಗುತ್ತವೆ. ‘ಸೂರ್ಯ’ದಲ್ಲಿ ಕಿವಿಗೆ ರಕಾರ ಮೊದಲು ಕೇಳಿಸಿದರೆ ಕಣ್ಣಿಗೆ ಯಕಾರ ಮೊದಲು ಕಾಣುತ್ತದೆ. ‘ಅಕ್ಷಿ’ಯಲ್ಲಿ ಇಕಾರದ ಗುರುತು ಮೇಲಿನ ಕಕಾರಕ್ಕೆ ಅಂಟಿಕೊಂಡಿದೆ, ಆದರೆ ಅದರ ಧ್ವನಿ ಬರುವುದು ಕೆಳಗಿನ ಒತ್ತಿನ ಅನಂತರ. ಶಾಲೆಯಲ್ಲಿ ಮರಾಠಿ ಅಥವಾ ಹಿಂದಿ ಓದುವ ಮಗುವಿಗೆ ಗೊಂದಲ ಇನ್ನೂ ಒಂದು ಪಟ್ಟು ಹೆಚ್ಚು. ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗುತ್ತದೆ. ಕನ್ನಡದಲ್ಲಿ ಮೊದಲನೆಯದು ಪೂರ್ಣವಾಗಿ ನಿಂತು ಎರಡನೆಯದು ಕೆಳಗಿಳಿಯುತ್ತದೆ. ಆ ಭಾಷೆಗಳ ರೂಢಿಯ ಬರಹದಲ್ಲಿ ಎಕಾರ-ಏಕಾರಗಳ ಭೇದವೂ ಇಲ್ಲ. ‘ಕೊಡು’ ಎಂಬುದನ್ನು ‘ಕೋಡು’ ಎಂದು ಓದುವ ಪುಣೆಯ ಮಗುವನ್ನು ಗದರಿಸುವ ಮುನ್ನ ಇದನ್ನು ನೆನೆಯಬೇಕು.

ಮುಂಬಯಿಯಲ್ಲಿ ಹುಟ್ಟಿದ ‘ಪ್ರಥಮ್’ ಸಂಸ್ಥೆಯ ನೆರವಿನಿಂದ 2005ರಲ್ಲಿ ಆರಂಭವಾದ ‘ಅಸರ್’ ಸಮೀಕ್ಷೆಯ ಕ್ರಮ ಮನೆಯಲ್ಲಿಯೂ ಉಪಯುಕ್ತ. ಬಿಡಿ ಅಕ್ಷರ, ಸರಳ ಪದ, ಪುಟ್ಟ ಪರಿಚ್ಛೇದ, ಕಥೆ ಎಂಬ ಕ್ರಮದಲ್ಲಿ ಓದಿಸಿದರೆ ಮಗು ಎಲ್ಲಿ ನಿಲ್ಲುತ್ತದೆಂದು ಹತ್ತೇ ನಿಮಿಷದಲ್ಲಿ ತಿಳಿಯುತ್ತದೆ. ಅಲ್ಲಿಂದಲೇ ಆರಂಭಿಸಬೇಕು, ತರಗತಿಯ ಪಠ್ಯದಿಂದಲ್ಲ.

ಮೊದಲು ಕಿವಿಯ ಆಟ. ‘ತಲೆ’ಯ ಮೊದಲ ಧ್ವನಿ ಬಿಟ್ಟರೆ ‘ಅಲೆ’, ಅಲ್ಲಿಗೆ ‘ಕ್’ ಸೇರಿಸಿದರೆ ‘ಕಲೆ’. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಆಡಬಹುದಾದ ಆಟವಿದು. ಬಳಿಕ ದಿನಕ್ಕೆ ಹದಿನೈದು ನಿಮಿಷ ಅಜ್ಜಿಯೋ ತಂದೆಯೋ ಸಾಲಿನ ಕೆಳಗೆ ಬೆರಳಿಟ್ಟು ಓದುವುದು, ಅದೇ ಸಾಲನ್ನು ಮಗು ಮತ್ತೆ ಓದುವುದು. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ದೊರೆಯುತ್ತವೆ. ಒಂದೇ ಪುಟವನ್ನು ಹತ್ತು ಸಲ ನಕಲು ಮಾಡಿಸುವುದು ಕೈಗೆ ವ್ಯಾಯಾಮವೇ ಹೊರತು ಓದಿಗೆ ಅಲ್ಲ.

ಹೀಗೆ ಕೆಲವು ತಿಂಗಳು ನಡೆಸಿದರೂ ಚೇತರಿಕೆ ಕಾಣದಿದ್ದರೆ ಮೊದಲು ಕಣ್ಣು, ಕಿವಿಗಳ ತಪಾಸಣೆ ಆಗಲಿ. ಅವು ಸರಿಯಿದ್ದರೆ ಡಿಸ್ಲೆಕ್ಸಿಯಾ ಇರಬಹುದೇ ಎಂದು ಪರೀಕ್ಷಿಸಬೇಕು. ಇದಕ್ಕೂ ಬುದ್ಧಿಮಟ್ಟಕ್ಕೂ ಸಂಬಂಧವಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದರೆ ಚಿತ್ರ ಅಪೂರ್ಣ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಸಿದ್ಧಪಡಿಸಿದ ‘ಡಾಲಿ’ ಎಂಬ ಪರೀಕ್ಷಾ ಸಾಧನ ಹಿಂದಿ, ಮರಾಠಿಗಳ ಜೊತೆಗೆ ಕನ್ನಡದಲ್ಲಿಯೂ ಇದೆ. ಮುಂಬಯಿಯಲ್ಲಿ ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಷನ್, ಚೆನ್ನೈಯಲ್ಲಿ ಮದ್ರಾಸ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಬಹುಕಾಲದಿಂದ ಈ ಕೆಲಸದಲ್ಲಿ ತೊಡಗಿವೆ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ 21 ವರ್ಗಗಳಲ್ಲಿ ಸೇರಿಸಿದೆ. ಅಧಿಕೃತ ಪ್ರಮಾಣಪತ್ರವಿದ್ದರೆ ಬೋರ್ಡ್ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು ಮೊದಲಾದ ಸವಲತ್ತುಗಳಿವೆ. ನಿರ್ಣಯ ಸಾಮಾನ್ಯವಾಗಿ 8 ವರ್ಷದ ಹೊತ್ತಿಗೆ ಸಾಧ್ಯ; ಆದರೆ ನೆರವಿಗೆ ಪ್ರಮಾಣಪತ್ರದವರೆಗೆ ಕಾಯಬೇಕಿಲ್ಲ. ಕೆಲವು ಮಕ್ಕಳಿಗೆ ಶಾಲೆಯಲ್ಲಿ ಒಂದು ಭಾಷೆಯ ವಿನಾಯಿತಿಯೂ ದೊರೆಯುತ್ತದೆ. ಅದು ಪರೀಕ್ಷೆಯ ಪತ್ರಿಕೆಗೆ ಸಂಬಂಧಿಸಿದ್ದು; ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ ಕಥೆ ಹೇಳುವುದಕ್ಕೆ ಅದರಿಂದ ಅಡ್ಡಿಯಿಲ್ಲ. ತಪಾಸಣೆಗೆ ಹೋಗುವಾಗ ಮಗುವಿನ ಎರಡು ವರ್ಷಗಳ ನೋಟ್ ಪುಸ್ತಕಗಳನ್ನು ಎಲ್ಲ ಭಾಷೆಗಳಲ್ಲಿಯೂ ತೆಗೆದುಕೊಂಡು ಹೋಗುವುದು ಒಳ್ಳೆಯದು.