ಖಚಿತವಾದದ್ದರ ವಿದ್ಯೆ

ಫ್ರೆಂಚ್, ಜರ್ಮನ್, ಇಂಗ್ಲಿಷ್ ಮೂರೂ ಗಣಿತವನ್ನು ಗ್ರೀಕ್ ಮೂಲದ ಒಂದೇ ಹೆಸರಿನಿಂದ ಕರೆಯುತ್ತವೆ. ಅವುಗಳ ನಡುವೆಯೇ ಬಾಳುವ ಡಚ್ ಭಾಷೆ ಮಾತ್ರ ತನ್ನ ನೆಲದ ಮಾತನ್ನೇ ಹಿಡಿದುಕೊಂಡಿದೆ: ವಿಸ್ಕುಂದೆ. ‘ವಿಸ್’ ಎಂದರೆ ಖಚಿತ. ‘ಕುಂದೆ’ ಎಂದರೆ ವಿದ್ಯೆ. ಯಾವುದರಲ್ಲಿ ಸಂದೇಹಕ್ಕೆ ಎಡೆಯಿಲ್ಲವೋ ಅದನ್ನು ಬಲ್ಲ ವಿದ್ಯೆ ಇದು. ‘ಖಂಡಿತ’ ಎಂದು ಒತ್ತಿ ಹೇಳಲು ಡಚ್ಚರು ಇಂದಿಗೂ ‘ವಿಸ್ ಎನ್ ಝೇಕರ್’ ಎಂಬ ಜೋಡಿನುಡಿಯನ್ನು ಆಡುತ್ತಾರೆ.

ಈ ಪದದ ಹಿಂದಿರುವವನು 1548ರಲ್ಲಿ ಬ್ರೂಗೆಯಲ್ಲಿ ಹುಟ್ಟಿದ ಸಿಮೋನ್ ಸ್ಟೆವಿನ್. ಅವನು ಬರೆದದ್ದು ‘ವಿಸ್‌ಕೊನ್ಸ್ಟ್’ ಎಂದು. ‘ಕೊನ್ಸ್ಟ್’ ಎಂದರೆ ಕಲೆ, ಕೈಚಳಕ. ಕಾಲಾಂತರದಲ್ಲಿ ಕಲೆಯ ಜಾಗಕ್ಕೆ ವಿದ್ಯೆ ಬಂತು. ವಿದ್ವತ್ತೆಲ್ಲ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ದಿನಗಳವು. ಸ್ಟೆವಿನ್ ಮಾತ್ರ, ಗಿಡ್ಡ ಗಿಡ್ಡ ಪದಗಳನ್ನು ಸಲೀಸಾಗಿ ಬೆಸೆಯಬಲ್ಲ ಡಚ್ ಭಾಷೆಯೇ ಶಾಸ್ತ್ರಕ್ಕೆ ತಕ್ಕದ್ದೆಂದು 1586ರ ತನ್ನ ತೂಕಶಾಸ್ತ್ರದ ಪುಸ್ತಕದ ಮುನ್ನುಡಿಯಲ್ಲಿ ವಾದಿಸಿದ. ತ್ರಿಕೋನಕ್ಕೆ ‘ದ್ರೀಹೂಕ್’, ಅಂದರೆ ಮೂರು ಮೂಲೆ. ವ್ಯಾಸಕ್ಕೆ ‘ಮಿಡ್ಡಲ್‌ಲೈನ್’, ನಡುಗೆರೆ. ಕೇಳಿದೊಡನೆ ಆಕೃತಿಯೇ ಕಣ್ಣಿಗೆ ಕಟ್ಟುತ್ತದೆ.

ಅವನು ಯಾರಿಗಾಗಿ ಬರೆದ ಎಂಬುದು ಇನ್ನೂ ಮುಖ್ಯ. ದಶಮಾಂಶ ಲೆಕ್ಕವನ್ನು ವಿವರಿಸುವ 1585ರ ‘ದೆ ತೀಂದೆ’ ಎಂಬ ಕಿರುಹೊತ್ತಗೆಯನ್ನು ಅವನು ಅರ್ಪಿಸಿದ್ದು ಖಗೋಳಜ್ಞರಿಗೆ, ಭೂಮಾಪಕರಿಗೆ, ರತ್ನಗಂಬಳಿ ಅಳೆಯುವವರಿಗೆ, ದ್ರಾಕ್ಷಾರಸದ ಪೀಪಾಯಿ ಅಳೆಯುವವರಿಗೆ, ಟಂಕಸಾಲೆಯವರಿಗೆ, ಎಲ್ಲ ವ್ಯಾಪಾರಿಗಳಿಗೆ. 1600ರಲ್ಲಿ ರಾಜಕುಮಾರ ಮೌರಿತ್ಸ್‌ನ ಇಚ್ಛೆಯಂತೆ ಲೈಡನ್ನಿನಲ್ಲಿ ಎಂಜಿನಿಯರುಗಳ ಶಾಲೆ ತೆರೆದಾಗ ಪಠ್ಯಕ್ರಮ ರೂಪಿಸಿದವನೂ ಇವನೇ. ವಿಶ್ವವಿದ್ಯಾಲಯದ ಪಾಠ ಲ್ಯಾಟಿನ್‌ನಲ್ಲಿ ಸಾಗಿದ್ದರೆ, ಈ ಶಾಲೆಯಲ್ಲಿ ಲೆಕ್ಕ, ಭೂಮಾಪನ, ಕೋಟೆ ಕಟ್ಟುವ ವಿದ್ಯೆಗಳ ಪಾಠ ಡಚ್‌ನಲ್ಲೇ ನಡೆಯಿತು.

ಪದ ಉಳಿದ ಗುಟ್ಟು ಇಲ್ಲಿದೆ ಎಂದು ನನ್ನ ದೃಢ ನಂಬಿಕೆ. ಜಾಣತನದಿಂದ ಟಂಕಿಸಿದ ಎಷ್ಟೋ ಪದಗಳು ನಿಘಂಟಿನಲ್ಲೇ ಸೊರಗುತ್ತವೆ. ಇದು ಸರಪಳಿ ಹಿಡಿದವನ, ತಕ್ಕಡಿ ತೂಗಿದವನ ಬಾಯಲ್ಲಿ ಪಳಗಿತು. ಅದೇ ಅಚ್ಚಿನಲ್ಲಿ ‘ನಾತೂರ್‌ಕುಂದೆ’ ಭೌತಶಾಸ್ತ್ರವಾಯಿತು. ಬೇರ್ಪಡಿಸುವ ವಿದ್ಯೆ ಎಂಬರ್ಥದ ‘ಸ್ಖೈಕುಂದೆ’ ರಸಾಯನಶಾಸ್ತ್ರವಾಯಿತು. ಇಂದು ನೆದರ್ಲೆಂಡ್ಸಿನ ಮಕ್ಕಳಿಗೆ ಪ್ರಾಥಮಿಕ ಶಾಲೆಯಲ್ಲಿ ‘ರೇಕನೆನ್’, ಲೆಕ್ಕ. ಪ್ರೌಢಶಾಲೆಗೆ ಬಂದರೆ ವಿಸ್ಕುಂದೆ.

ಕನ್ನಡದಲ್ಲಿ ಪಾರಿಭಾಷಿಕ ಪದ ಕಟ್ಟುವವರಲ್ಲಿ ನನ್ನದೊಂದು ಕೋರಿಕೆ: ಹೊಸ ಪದವನ್ನು ಪದಕೋಶಕ್ಕೆ ಸೇರಿಸುವ ಮೊದಲು, ಅದನ್ನು ದಿನವೂ ಬಳಸಬೇಕಾದ ಮೇಷ್ಟರಿಗೂ ಮೇಸ್ತ್ರಿಗೂ ಕೊಟ್ಟು ನೋಡಿ.